ಅಳತೆಗೊಂದು ನೆಲೆ

ಮುಳ್ಳಯ್ಯನಗಿರಿಯ ಎತ್ತರವೆಷ್ಟು ಎಂದು ಕೇಳಿದರೆ, ಭೂಗೋಳವನ್ನು ಓದಿರುವ ನೀವು 1900 ಮೀಟರಿಗೂ ಹೆಚ್ಚು ಎಂದು ಕೂಡಲೇ ಉತ್ತರ ಹೇಳುವಿರಿ. ಆದರೆ ಚಿಕ್ಕಮಗಳೂರಿನ ಪೇಟೆಬೀದಿಯಲ್ಲಿ ನಿಂತು ತಲೆಯೆತ್ತಿ ನೋಡುವವನಿಗೆ ಆ ಬೆಟ್ಟ ಅಷ್ಟು ಎತ್ತರವಾಗಿ ಕಾಣುವುದಿಲ್ಲ. ಪುಸ್ತಕ ಸುಳ್ಳು ಹೇಳುತ್ತಿಲ್ಲ, ಕಣ್ಣೂ ಸುಳ್ಳು ಹೇಳುತ್ತಿಲ್ಲ. ಪುಸ್ತಕದ ಎತ್ತರವನ್ನು ಸಮುದ್ರಮಟ್ಟದಿಂದ ಎಣಿಸಿದ್ದಾರೆ. ಚಿಕ್ಕಮಗಳೂರಾದರೋ ತಾನೇ ಸಮುದ್ರಮಟ್ಟಕ್ಕಿಂತ 1000 ಮೀಟರಿಗೂ ಮೇಲೆ ಕುಳಿತಿರುವ ಊರು. ಬೆಟ್ಟ ಒಂದೇ, ಎತ್ತರ ಎರಡು. ‘ಎಷ್ಟು’ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಮುನ್ನ ‘ಎಲ್ಲಿಂದ’ ಎಂಬ ಪ್ರಶ್ನೆ ಇತ್ಯರ್ಥವಾಗಿರಬೇಕು.

ಮನೆ ಕಟ್ಟುವ ಮೇಸ್ತ್ರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವನು ಮೊದಲ ಕಲ್ಲನ್ನು ಇಡುವುದಕ್ಕೆ ಮುಂಚೆಯೇ ಗೂಟಗಳನ್ನು ನೆಟ್ಟು ದಾರ ಕಟ್ಟುತ್ತಾನೆ. ಮೂಲೆಮಟ್ಟದಿಂದ ಮೂಲೆಯನ್ನೂ ರಸಮಟ್ಟದಿಂದ ಅಡ್ಡಮಟ್ಟವನ್ನೂ ತೂಗುಗುಂಡಿನಿಂದ ನೇರವನ್ನೂ ನಿಶ್ಚಯಿಸಿಕೊಳ್ಳುತ್ತಾನೆ. ಮುಂದೆ ಬಾಗಿಲು, ಕಿಟಕಿ, ತೊಲೆ ಎಲ್ಲಕ್ಕೂ ಆ ದಾರವೇ ಲೆಕ್ಕ. ನೆಲದ ಉಬ್ಬುತಗ್ಗುಗಳಿಂದ ಅವನು ಅಳೆಯುವುದಿಲ್ಲ. ದಾರ ಮನೆಯ ಅಂಗವಲ್ಲ. ಕೆಲಸ ಮುಗಿದ ಸಂಜೆ ಅದನ್ನು ಸುತ್ತಿ ಜೇಬಿಗೆ ಹಾಕಿಕೊಂಡು ಹೋಗುತ್ತಾನೆ. ಆದರೂ ಮನೆಯೆಲ್ಲ ಆ ದಾರಕ್ಕೆ ಬದ್ಧವಾಗಿ ನಿಂತಿರುತ್ತದೆ. ಹೀಗೆ ವಸ್ತುವಿನ ಹೊರಗೆ ನಾವೇ ನಿಶ್ಚಯಿಸಿಕೊಂಡು, ಅಲ್ಲಿಂದ ಎಲ್ಲವನ್ನೂ ಅಳೆಯುವ ಸಮತಲಕ್ಕೆ ಎಂಜಿನಿಯರುಗಳು ‘ಡೇಟಮ್’ ತಲ ಎನ್ನುತ್ತಾರೆ. ನಾವು ಅದನ್ನು ಆಧಾರತಲ ಎಂದು ಕರೆಯೋಣ.

ಉಕ್ಕನ್ನು ಯಂತ್ರದಲ್ಲಿ ಕಡೆದು ಮಾಡಿದ ವಸ್ತುವಿಗೆ ಆಧಾರವನ್ನು ಗೊತ್ತುಮಾಡುವುದು ಬಹಳ ಕಷ್ಟವಲ್ಲ. ಅದರ ಮುಖಗಳು ಗಟ್ಟಿ, ಸಪಾಟು, ಒಂದಕ್ಕೊಂದು ಲಂಬ. ಅಚ್ಚಿನಲ್ಲಿ ಹುಟ್ಟಿದ ವಸ್ತುವಿನ ಮಾತೇ ಬೇರೆ. ಇಂದು ನಮ್ಮ ಮನೆಗಳಲ್ಲಿ ಅಂಥ ವಸ್ತುಗಳೇ ಹೆಚ್ಚು: ಸಾಬೂನಿನ ಡಬ್ಬಿ, ವಿದ್ಯುತ್ತಿನ ಸ್ವಿಚ್ಚಿನ ಫಲಕ, ನೀವು ಗೆರೆ ಎಳೆಯುವ ಅಳತೆಪಟ್ಟಿ, ಔಷಧ ಚುಚ್ಚುವ ಸಿರಿಂಜು. ಜೋಳದ ಕಾಳಿನಂಥ ಪ್ಲಾಸ್ಟಿಕ್ ಹರಳುಗಳನ್ನು ಬಿಸಿಯಾದ ಕೊಳವೆಯೊಳಗೆ ಕರಗಿಸಿ, ಒತ್ತಡದಿಂದ ಉಕ್ಕಿನ ಅಚ್ಚಿನೊಳಕ್ಕೆ ನುಗ್ಗಿಸುತ್ತಾರೆ. ಆರಿ ಗಟ್ಟಿಯಾದೊಡನೆ ಅಚ್ಚು ತೆರೆಯುತ್ತದೆ, ಸಣ್ಣ ಸಣ್ಣ ಸಲಾಕೆಗಳು ಮುಂದೆ ಬಂದು ವಸ್ತುವನ್ನು ಹೊರಕ್ಕೆ ತಳ್ಳುತ್ತವೆ.

ಆರುವಾಗ ಪ್ಲಾಸ್ಟಿಕ್ ಕುಗ್ಗುತ್ತದೆ. ಪಾಲಿಪ್ರೊಪಿಲೀನ್ ಎಂಬ ಬಗೆ ನೂರಕ್ಕೆ ಒಂದರಿಂದ ಎರಡೂವರೆ ಪಾಲಿನವರೆಗೂ ಕುಗ್ಗುವುದುಂಟು. ಎಬಿಎಸ್ ಎಂಬ ಬಗೆ ಸುಮಾರು ಅರ್ಧ ಪಾಲು. ಅಚ್ಚನ್ನು ಅಷ್ಟು ದೊಡ್ಡದಾಗಿ ಮಾಡಿಕೊಂಡರೆ ತೀರಿತಲ್ಲ ಎಂದು ನಿಮಗೆ ತೋರಬಹುದು. ಎಲ್ಲ ಕಡೆಯೂ ಒಂದೇ ಸಮನಾಗಿ ಕುಗ್ಗಿದ್ದರೆ ಹಾಗೆಯೇ ಆಗುತ್ತಿತ್ತು. ಆದರೆ ದಪ್ಪನೆಯ ಭಾಗ ನಿಧಾನವಾಗಿ ಆರುತ್ತದೆ, ಹೆಚ್ಚು ಕುಗ್ಗುತ್ತದೆ; ತೆಳುವಾದ ಭಾಗ ಬೇಗ ಆರಿ ಬಿಗಿದುಕೊಳ್ಳುತ್ತದೆ. ಇವುಗಳ ಎಳೆದಾಟದಲ್ಲಿ ಚಪ್ಪಟೆಯಾಗಿರಬೇಕಾದ ಮುಚ್ಚಳ ಬಿಸಿಲಿಗಿಟ್ಟ ಹಪ್ಪಳದಂತೆ ಸೊಟ್ಟಗಾಗುತ್ತದೆ. ಕಣ್ಣಿಗೆ ಕಾಣದಷ್ಟು ಸೊಟ್ಟ, ಆದರೆ ಅಳತೆಗೆ ಸಿಗುವಷ್ಟು.

ಇನ್ನೊಂದು ತೊಡಕು ಗೋಡೆಯ ಇಳಿಜಾರು. ಮಂಡ್ಯದ ಕಡೆ ಆಲೆಮನೆಗಳಲ್ಲಿ ಬೆಲ್ಲದ ಅಚ್ಚನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಚ್ಚಿನ ಗುಳಿ ತಳದಲ್ಲಿ ಕಿರಿದು, ಬಾಯಲ್ಲಿ ಅಗಲ. ಹಾಗಿದ್ದರೆ ಮಾತ್ರ ಮಗುಚಿದಾಗ ಬೆಲ್ಲ ಕಳಚಿ ಬೀಳುತ್ತದೆ. ಪ್ಲಾಸ್ಟಿಕ್ಕಿನ ಅಚ್ಚಿನಲ್ಲಿಯೂ ಇದೇ ಉಪಾಯ. ಆದ್ದರಿಂದ ನೆಟ್ಟಗೆ ನಿಂತಂತೆ ಕಾಣುವ ಡಬ್ಬಿಯ ಗೋಡೆ ಒಂದು ಡಿಗ್ರಿಯಷ್ಟಾದರೂ ಓರೆಯಾಗಿರುತ್ತದೆ. ಒಂದು ಡಿಗ್ರಿ ಎಂದರೆ ಏನು ಮಹಾ ಎನ್ನಬೇಡಿ. 30 ಮಿಲಿಮೀಟರ್ ಎತ್ತರದ ಗೋಡೆಯ ಮೇಲ್ತುದಿಗೂ ಕೆಳತುದಿಗೂ ಅದರಿಂದ 0.52 ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಈ ಅಂಕಿಯನ್ನು ನೆನಪಿನಲ್ಲಿಡಿ. ಮುಂದೆ ಇದು ಒಂದು ಜಗಳದ ಮೂಲವಾಗಲಿದೆ.

ಇಂಥ ಸೊಟ್ಟ, ಓರೆ ವಸ್ತುವನ್ನು ಸ್ಥಿರವಾಗಿ ನಿಲ್ಲಿಸುವುದು ಹೇಗೆ? ನಮ್ಮ ಅಜ್ಜಿಯರ ಅಡುಗೆಮನೆಯಲ್ಲಿ ಇದಕ್ಕೆ ಉತ್ತರವಿತ್ತು. ಹಳೆಯ ಒಲೆಗೆ ಮೂರು ಗುಂಡುಗಳು. ಮಡಕೆಯ ತಳ ಎಷ್ಟೇ ಡೊಂಕಾಗಿರಲಿ, ಮೂರು ಗುಂಡಿನ ಮೇಲೆ ಅದು ಅಲುಗದೆ ಕೂರುತ್ತದೆ. ನಾಲ್ಕು ಕಾಲಿನ ಕುರ್ಚಿ ಡೊಂಕು ನೆಲದ ಮೇಲೆ ಕುಣಿಯುತ್ತದೆ. ಮುಕ್ಕಾಲಿ ಪೀಠ ಕುಣಿಯುವುದಿಲ್ಲ. ಒಂದೇ ಸಾಲಿನಲ್ಲಿಲ್ಲದ ಮೂರು ಬಿಂದುಗಳ ಮೂಲಕ ಒಂದು ಸಮತಲ, ಒಂದೇ ಒಂದು ಸಮತಲ ಹಾಯ್ದುಹೋಗುತ್ತದೆಂದು ರೇಖಾಗಣಿತ ಹೇಳುವುದೂ ಇದನ್ನೇ.

ನಿಮ್ಮ ಪುಸ್ತಕವನ್ನು ಮೇಜಿನ ಮೇಲಿಟ್ಟು ಮುಂದಿನ ಮಾತುಗಳನ್ನು ಪರೀಕ್ಷಿಸಬಹುದು. ಗಾಳಿಯಲ್ಲಿ ಹಿಡಿದ ಪುಸ್ತಕ ಆರು ಬಗೆಯಲ್ಲಿ ಚಲಿಸಬಲ್ಲದು: ಮೇಲೆ ಕೆಳಗೆ, ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಜರುಗುವುದು ಮೂರು ಬಗೆ, ಆ ಮೂರು ದಿಕ್ಕುಗಳ ಸುತ್ತ ಹೊರಳುವುದು ಮೂರು ಬಗೆ. ಮೂರು ಬಿಂದುಗಳ ಮೇಲೆ ಕೂರಿಸಿದೊಡನೆ ಅದು ಕೆಳಕ್ಕೆ ಇಳಿಯಲಾರದು, ಮುಂದಕ್ಕಾಗಲಿ ಪಕ್ಕಕ್ಕಾಗಲಿ ವಾಲಲಾರದು. ಮೂರು ಬಗೆ ಹೋಯಿತು. ಈಗ ಅದರ ಉದ್ದನೆಯ ಅಂಚಿಗೆ ತಾಗುವಂತೆ ಎರಡು ಮೊಳೆ ಹೊಡೆದಿದ್ದಾರೆಂದು ಭಾವಿಸಿ, ಪುಸ್ತಕವನ್ನು ಅವಕ್ಕೆ ಒತ್ತಿ ಹಿಡಿಯಿರಿ. ಅತ್ತ ಜರುಗುವುದು ನಿಂತಿತು, ಮೇಜಿನ ಮೇಲೆ ಬುಗುರಿಯಂತೆ ತಿರುಗುವುದೂ ನಿಂತಿತು. ಉಳಿದದ್ದು ಆ ಮೊಳೆಗಳ ಗುಂಟ ಜಾರುವುದೊಂದೇ. ಗಿಡ್ಡ ಅಂಚಿಗೆ ಇನ್ನೊಂದು ಮೊಳೆ ತಾಗಿಸಿದರೆ ಅದಕ್ಕೂ ತಡೆ. ಮೂರು, ಎರಡು, ಒಂದು, ಒಟ್ಟು ಆರು. ಮೊದಲ ಮೂರು ಬಿಂದುಗಳಿಂದ ಮೊದಲ ಆಧಾರತಲ, ಅದಕ್ಕೆ ಲಂಬವಾಗಿ ಎರಡು ಬಿಂದುಗಳಿಂದ ಎರಡನೆಯದು, ಇವೆರಡಕ್ಕೂ ಲಂಬವಾಗಿ ಒಂದೇ ಬಿಂದುವಿನಿಂದ ಮೂರನೆಯದು. ಕೋಣೆಯ ಮೂಲೆಯಲ್ಲಿ ನೆಲವೂ ಎರಡು ಗೋಡೆಗಳೂ ಕೂಡುವಂತೆ ಈ ಮೂರು ತಲಗಳು ಒಂದೆಡೆ ಕೂಡುತ್ತವೆ. ಆ ಮೂಲೆಯಿಂದ ಹೊರಟರೆ ವಸ್ತುವಿನ ಯಾವ ರಂಧ್ರ ಎಲ್ಲಿದೆಯೆಂದು ನಿಸ್ಸಂದೇಹವಾಗಿ ಹೇಳಬಹುದು.

ಅನುಕ್ರಮ ಇಲ್ಲಿ ಮುಖ್ಯ. ಮೊದಲು ಉದ್ದನೆಯ ಅಂಚಿಗೆ ಒತ್ತಿ, ಆಮೇಲೆ ಗಿಡ್ಡ ಅಂಚಿಗೆ ತಾಗಿಸುವುದು ಒಂದು. ಮೊದಲು ಗಿಡ್ಡ ಅಂಚಿಗೆ ಒತ್ತಿ, ಆಮೇಲೆ ಉದ್ದನೆಯದಕ್ಕೆ ತಾಗಿಸುವುದು ಇನ್ನೊಂದು. ಅಂಚುಗಳು ಒಂದಕ್ಕೊಂದು ಸರಿಯಾಗಿ ಲಂಬವಾಗಿಲ್ಲದಿದ್ದರೆ ಎರಡು ಸಲವೂ ವಸ್ತು ಬೇರೆ ಬೇರೆ ರೀತಿಯಲ್ಲಿ ಕೂರುತ್ತದೆ, ಅಳತೆಯೂ ಬೇರೆಯಾಗುತ್ತದೆ.

ಬಿಂದುಗಳನ್ನು ಎಲ್ಲಿಡಬೇಕು ಎಂಬುದು ಅದಕ್ಕಿಂತಲೂ ಸೂಕ್ಷ್ಮವಾದ ವಿಷಯ. 120 ಮಿಲಿಮೀಟರ್ ಉದ್ದದ ಒಂದು ಮುಚ್ಚಳವಿದೆಯೆನ್ನಿ. ಅದರ ಒಂದು ತುದಿಯಲ್ಲಿ, 20 ಮಿಲಿಮೀಟರ್ ಅಂತರದೊಳಗೆ ಬಿಂದುಗಳನ್ನು ಆರಿಸಿಕೊಂಡೆವು. ಅಲ್ಲಿ ಒಂದು ಬಿಂದು 0.05 ಮಿಲಿಮೀಟರ್ ಉಬ್ಬಿತ್ತು. ಕೂದಲೆಳೆಯಷ್ಟು ಉಬ್ಬು, ಅಷ್ಟೆ. ಆದರೆ ಆ ಓರೆ ಮುಂದೆ ಮುಂದೆ ಬೆಳೆಯುತ್ತ ಹೋಗಿ ಮುಚ್ಚಳದ ಮತ್ತೊಂದು ತುದಿ ತಲಪುವ ವೇಳೆಗೆ ಆರು ಪಟ್ಟು, ಅಂದರೆ 0.30 ಮಿಲಿಮೀಟರ್ ಆಗಿರುತ್ತದೆ. ಬಿಂದುಗಳನ್ನು ಎರಡು ತುದಿಗಳಲ್ಲಿ ಆದಷ್ಟು ದೂರ ದೂರ ಇಟ್ಟಿದ್ದರೆ ಅದೇ ಉಬ್ಬಿನಿಂದ ಬರುವ ತಪ್ಪು ಆ 0.05ರ ಆಸುಪಾಸಿನಲ್ಲಿಯೇ ಉಳಿಯುತ್ತಿತ್ತು. ಹಾಗೆಯೇ ಸಾಬೂನಿನ ಡಬ್ಬಿಯನ್ನು ಮಗುಚಿ ನೋಡಿದರೆ ಹೊಳೆಯುವ ಸಣ್ಣ ವೃತ್ತಗಳೂ ಒಂದು ಕಡೆ ಮೊಳಕೆಯಂಥ ಚಿಕ್ಕ ಮೊನೆಯೂ ಕಾಣಬಹುದು. ವೃತ್ತಗಳು ಹೊರತಳ್ಳುವ ಸಲಾಕೆಗಳ ಗುರುತು. ಮೊನೆ ಕರಗಿದ ಪ್ಲಾಸ್ಟಿಕ್ ಒಳನುಗ್ಗಿದ ಬಾಗಿಲಿನ ಗುರುತು. ಇಂಥ ಜಾಗಗಳ ಮೇಲೂ, ಅಚ್ಚಿನ ಎರಡು ಹೋಳುಗಳು ಕೂಡುವ ಗೆರೆಯ ಮೇಲೂ ಜಾಣನಾದ ತಪಾಸಕ ಆಧಾರಬಿಂದುವನ್ನು ಇಡುವುದಿಲ್ಲ.

ವಸ್ತುವಿನಲ್ಲಿ ನಿಜವಾದ ಸಮತಲವಿಲ್ಲವಾದ್ದರಿಂದ ಅದನ್ನು ಹೊರಗಿನಿಂದ ತರಬೇಕೆಂದೆವು. ತಪಾಸಣೆಯ ಕೋಣೆಯಲ್ಲಿ ಆ ಕೆಲಸ ಮಾಡುವುದು ಸರ್ಫೇಸ್ ಪ್ಲೇಟು ಎಂಬ ಸಪಾಟಾದ ಹಾಸು. ಆದರೆ ಆ ಹಾಸು ಸಪಾಟಾಗಿದೆಯೆಂದು ಹೇಳುವವರಾರು? ಅದನ್ನು ಅಳೆಯಲು ಇನ್ನೊಂದು ಹಾಸು, ಅದಕ್ಕೆ ಮತ್ತೊಂದು ಎಂದು ಹೊರಟರೆ ಕೊನೆಯೇ ಇಲ್ಲ. ಈ ಗಂಟನ್ನು ಬಿಡಿಸಿದ ರೀತಿ ಮನುಷ್ಯ ಬುದ್ಧಿಯ ಅಂದವಾದ ಸಾಧನೆಗಳಲ್ಲೊಂದೆಂದು ನನ್ನ ಅಭಿಪ್ರಾಯ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಎಂಬಾತ (1803-1887) ಯೌವನದಲ್ಲಿ ಲಂಡನ್ನಿನ ಹೆನ್ರಿ ಮಾಡ್‌ಸ್ಲೆಯ ಪ್ರಸಿದ್ಧ ಯಂತ್ರಶಾಲೆಯಲ್ಲಿ ಕೆಲಸ ಮಾಡಿದವನು. ನಿಜವಾದ ಸಮತಲವನ್ನು ಸಿದ್ಧಪಡಿಸುವ ಬಗೆಯನ್ನು ಅವನು 1840ರಲ್ಲಿ ಗ್ಲಾಸ್ಗೋ ನಗರದಲ್ಲಿ ಸೇರಿದ್ದ ವಿದ್ವಾಂಸರ ಸಭೆಯ ಮುಂದೆ ವಿವರಿಸಿದನು.

ಉಪಾಯವಿಷ್ಟೆ. ಎರಡು ಕಬ್ಬಿಣದ ಹಾಸುಗಳಲ್ಲಿ ಒಂದಕ್ಕೆ ಬಣ್ಣ ಸವರಿ ಇನ್ನೊಂದರ ಮೇಲೆ ಮಗುಚಿ ತಿಕ್ಕಿದರೆ ಉಬ್ಬಿದ ಕಡೆ ಬಣ್ಣ ಹತ್ತುತ್ತದೆ. ಆ ಉಬ್ಬನ್ನು ಹರಿತವಾದ ಸಲಾಕೆಯಿಂದ ಕೆರೆದು ತೆಗೆಯಬೇಕು. ಹೀಗೆ ಮಾಡುತ್ತ ಹೋದರೆ ಒಂದು ದಿನ ಎರಡೂ ಪೂರ್ತಿ ಕೂಡುತ್ತವೆ. ಆದರೆ ಕೂಡಿದ ಮಾತ್ರಕ್ಕೆ ಸಪಾಟಾದಂತಲ್ಲ. ಒಂದು ಬೆನ್ನುಬ್ಬಿದ್ದು, ಇನ್ನೊಂದು ಅಷ್ಟೇ ತಗ್ಗಾಗಿದ್ದರೂ ಕೂಡಿಕೊಳ್ಳುತ್ತವೆ. ಆದ್ದರಿಂದ ಮೂರನೆಯ ಹಾಸು ಬೇಕು. ಒಂದನೆಯದಕ್ಕೆ ಎರಡನೆಯದೂ ಕೂಡಬೇಕು, ಮೂರನೆಯದೂ ಕೂಡಬೇಕು. ಸಾಲದುದಕ್ಕೆ ಎರಡನೆಯದು ಮೂರನೆಯದಕ್ಕೂ ಕೂಡಬೇಕು. ಒಂದನೆಯದು ಉಬ್ಬಾಗಿದ್ದರೆ ಉಳಿದೆರಡೂ ತಗ್ಗಾಗಿರಬೇಕು. ಎರಡು ತಗ್ಗುಗಳು ಎದುರುಬದುರಾದರೆ ನಡುವೆ ಪೊಳ್ಳು ಬಿದ್ದು ಗುಟ್ಟು ರಟ್ಟಾಗುತ್ತದೆ. ಬಗೆಬಗೆಯಾಗಿ ತಿರುಗಿಸಿ ನೋಡಿದರೂ ಮೂರೂ ಒಂದಕ್ಕೊಂದು ಕೂಡುವುದು ಮೂರೂ ಸಪಾಟಾಗಿದ್ದಾಗ ಮಾತ್ರ. ಯಾವ ಮೂಲ ಮಾದರಿಯೂ ಇಲ್ಲದೆ, ಬರಿಯ ಹೋಲಿಕೆಯಿಂದ ಸಮತಲ ಹುಟ್ಟಿತು!

ಇಪ್ಪತ್ತನೆಯ ಶತಮಾನದಲ್ಲಿ ಕಬ್ಬಿಣದ ಹಾಸಿನ ಸ್ಥಾನಕ್ಕೆ ಹೆಚ್ಚಾಗಿ ಗ್ರಾನೈಟ್ ಬಂದಿತು. ಅದಕ್ಕೆ ತುಕ್ಕಿನ ಭಯವಿಲ್ಲ. ಬಿಸಿಗೆ ಎರಕದ ಕಬ್ಬಿಣಕ್ಕಿಂತ ಕಡಿಮೆ ಹಿಗ್ಗುತ್ತದೆ. ಏನಾದರೂ ಬಡಿದರೆ ಕಬ್ಬಿಣದಂತೆ ಅಂಚು ಎದ್ದುನಿಲ್ಲುವುದಿಲ್ಲ, ಒಂದಿಷ್ಟು ಪುಡಿ ಉದುರುತ್ತದೆ, ಅಷ್ಟೆ. ನಮ್ಮ ಚಾಮರಾಜನಗರದ ಕಡೆಯ ಕರಿಕಲ್ಲು ಹೊರದೇಶಗಳಲ್ಲಿಯೂ ಹೆಸರಾದದ್ದು. ಕರಿಕಲ್ಲಿನ ಹಾಸುಗಳನ್ನು ಉಜ್ಜಿ ತಯಾರಿಸುವ ಕಾರ್ಖಾನೆಗಳು ಬೆಂಗಳೂರಿನ ಸುತ್ತಮುತ್ತ ಇವೆ.

ಇಷ್ಟೆಲ್ಲ ಏರ್ಪಾಡಿದ್ದರೂ ‘ಎಲ್ಲಿಂದ’ ಎಂಬ ಪ್ರಶ್ನೆಗೆ ಉತ್ತರವನ್ನು ಬರೆದಿಡದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಾನಿನ್ನೂ ಉಪಾಧ್ಯಾಯನಾಗಿದ್ದಾಗ ನಮ್ಮ ಶಾಲೆಯ ಮಕ್ಕಳನ್ನು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಪ್ಲಾಸ್ಟಿಕ್ ಕಾರ್ಖಾನೆಗೆ ಕರೆದೊಯ್ದಿದ್ದೆ. ಹೆಬ್ಬಾಗಿಲ ಬಳಿ ಗೋಣಿಚೀಲಗಳು ಒಟ್ಟಿದ್ದವು. ಯಾವುದೋ ಉಪಕರಣದ ಮುಚ್ಚಳಗಳಂತೆ, ಸುಮಾರು ಐದು ಸಾವಿರ. ಕೊಂಡವರು ಅಳತೆ ತಪ್ಪಿದೆಯೆಂದು ಹಿಂದಕ್ಕೆ ಕಳುಹಿಸಿದ್ದರು. ಆ ದಿನ ಕೊಂಡವರ ಕಡೆಯ ತಪಾಸಕರೂ ಬಂದಿದ್ದರು. ನಕ್ಷೆಯ ಪ್ರಕಾರ ಮುಚ್ಚಳದ ನೆತ್ತಿಯ ಮೇಲಿನ ರಂಧ್ರ ಅಂಚಿನಿಂದ 40 ಮಿಲಿಮೀಟರ್ ದೂರದಲ್ಲಿರಬೇಕು. ಹೆಚ್ಚಾದರೂ ಕಡಿಮೆಯಾದರೂ 0.2ರ ಒಳಗಿರಬೇಕು.

ಕಾರ್ಖಾನೆಯ ಯಜಮಾನರು ವರ್ನಿಯರ್ ಕ್ಯಾಲಿಪರ್ ಹಿಡಿದು ತೋರಿಸಿದರು. “ನೀವೇ ನೋಡಿ ಸಾರ್, ಸರಿಯಾಗಿ 40 ಇದೆ. ಇನ್ನು ಯಾವ ಅಳತೆ ಬೇಕು ನಿಮಗೆ?”

ತಪಾಸಕರು ಮುಚ್ಚಳವನ್ನು ಕಲ್ಲುಹಾಸಿನ ಮೇಲೆ ಬೋರಲಾಗಿ ಇಟ್ಟು, ಲಂಬವಾಗಿ ನಿಲ್ಲಿಸಿದ ಕಬ್ಬಿಣದ ದಿಮ್ಮಿಗೆ ತಾಗಿಸಿ ಅಳೆದರು. “ಇಲ್ಲ ಯಜಮಾನರೇ, 40.5 ಬರುತ್ತಿದೆ. ನಾನು ಹೇಗೆ ಒಪ್ಪಿಕೊಳ್ಳಲಿ?”

ಇಬ್ಬರ ಉಪಕರಣಗಳೂ ಸರಿಯಾಗಿದ್ದವು, ಇಬ್ಬರ ಕೈಯೂ ಪಳಗಿದ್ದಿತು. ಮಾತು ಏರುತ್ತಿದ್ದಂತೆ ಯಂತ್ರದ ಬಳಿಯಿದ್ದ ಕೆಲಸಗಾರರು ಸುಮ್ಮನೆ ನೋಡುತ್ತ ನಿಂತರು. ಆ ಐದು ಸಾವಿರ ಮುಚ್ಚಳಗಳ ಹಣ ಬಂದರೆ ಅವರಿಗೆ ಆ ತಿಂಗಳ ಸಂಬಳ ಬರಬೇಕಾಗಿದ್ದಿತು. ಕೊನೆಗೆ ಅಚ್ಚು ತಯಾರಿಸುವ ಹಿರಿಯ ಕೆಲಸಗಾರರೊಬ್ಬರು ಮುಂದೆ ಬಂದು, ಮೂಲೆಮಟ್ಟವೊಂದನ್ನು ಹಾಸಿನ ಮೇಲಿಟ್ಟು ಅದರ ಬ್ಲೇಡನ್ನು ಮುಚ್ಚಳದ ಪಕ್ಕಕ್ಕೆ ತಾಗಿಸಿದರು. ಕೆಳಗೆ ಬ್ಲೇಡು ತಾಗಿತ್ತು. ಮೇಲೆ ಸಂದಿ, ಸಂದಿಯಲ್ಲಿ ಬೆಳಕು. ಗೋಡೆಯ ಎತ್ತರ 30 ಮಿಲಿಮೀಟರ್, ಓರೆ ಒಂದು ಡಿಗ್ರಿ. ಯಜಮಾನರು ಅಳೆದದ್ದು ಗೋಡೆಯ ಮೇಲಂಚಿನಿಂದ. ತಪಾಸಕರ ದಿಮ್ಮಿ ತಾಗಿದ್ದು ಅಗಲವಾದ ಬಾಯಂಚಿಗೆ. ‘ಅಂಚಿನಿಂದ’ ಎಂದು ಬರೆದ ನಕ್ಷೆ ಯಾವ ಅಂಚು ಎಂಬುದನ್ನು ಹೇಳಿರಲಿಲ್ಲ. ಆ ಅರ್ಧ ಮಿಲಿಮೀಟರ್ ಇಬ್ಬರ ನಡುವೆ ಯಾರದ್ದೂ ಅಲ್ಲದೆ ಬಿದ್ದಿತ್ತು.

ಹಾಗಾದರೆ ಯಾವ ಅಂಚು ಸರಿ? ಇದಕ್ಕೆ ಉತ್ತರ ಮುಚ್ಚಳದಲ್ಲಿಲ್ಲ, ಮುಚ್ಚಳ ಮಾಡಬೇಕಾದ ಕೆಲಸದಲ್ಲಿದೆ. ಮುಚ್ಚಳ ಉಪಕರಣದ ಪೆಟ್ಟಿಗೆಯ ಮೇಲೆ ಕೂರುವುದು ತನ್ನ ಬಾಯಂಚಿನಿಂದ. ಪೆಟ್ಟಿಗೆಯೊಳಗಿನ ಗುಂಡಿ ರಂಧ್ರದ ಮೂಲಕ ಹೊರಬರಬೇಕು. ಆದ್ದರಿಂದ ಬಾಯಂಚೇ ಅದರ ನೆಲೆ. ಆ ಲೆಕ್ಕದಲ್ಲಿ ತಪಾಸಕರು ಅಳೆದ ರೀತಿ ಸರಿ. ಆದರೆ ಬರೆದು ತಿಳಿಸದೆ ಇದ್ದುದನ್ನು ಪಾಲಿಸಲಿಲ್ಲವೆಂದು ಯಜಮಾನರನ್ನು ದೂರುವುದು ನ್ಯಾಯವಲ್ಲ. ಅಲ್ಲಿಯೇ ಹತ್ತಾರು ಮುಚ್ಚಳಗಳನ್ನು ಪೆಟ್ಟಿಗೆಗಳಿಗೆ ಹಾಕಿ ನೋಡಿದರು. ಗುಂಡಿಯ ಸುತ್ತ ಒಂದು ಮಿಲಿಮೀಟರ್ ಬಿಡುವು ಇದ್ದುದರಿಂದ ಎಲ್ಲವೂ ಸಲೀಸಾಗಿ ಆಡಿದವು. ನಕ್ಷೆ ಬರೆಯುವವರು ಬಿಡುವನ್ನು ಕೊಡುವುದರಲ್ಲಿ ಒಮ್ಮೊಮ್ಮೆ ತೀರ ಜಿಪುಣರಾಗುತ್ತಾರೆ. ಆ ಚೀಲಗಳನ್ನು ಸ್ವೀಕರಿಸಿ, ಮುಂದಿನ ತಯಾರಿಕೆಗೆ ಮುನ್ನ ಅಚ್ಚನ್ನೂ ನಕ್ಷೆಯನ್ನೂ ತಿದ್ದುವುದೆಂದು ಇಬ್ಬರೂ ಒಪ್ಪಿಕೊಂಡರು.

ವಸ್ತುವಿನ ಕೆಲಸದಿಂದಲೇ ಅಳತೆಯನ್ನು ನಿರ್ಧರಿಸಬೇಕೆಂಬ ಈ ವಿಚಾರವನ್ನು ಬೆಳೆಸಿದವರಲ್ಲಿ ಸ್ಟ್ಯಾನ್ಲಿ ಪಾರ್ಕರ್ ಒಬ್ಬನು. ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ಅವನು ಅಲೆಗ್ಸಾಂಡ್ರಿಯದ ಟಾರ್ಪೆಡೊ ಕಾರ್ಖಾನೆಯಲ್ಲಿದ್ದನು. ಇದು ಈಜಿಪ್ಟಿನ ಅಲೆಗ್ಸಾಂಡ್ರಿಯವಲ್ಲ, ಸ್ಕಾಟ್ಲೆಂಡಿನ ಒಂದು ಸಣ್ಣ ಊರು. ಈಗ ಆಧಾರತಲಗಳನ್ನು ನಕ್ಷೆಯಲ್ಲಿ ತೋರಿಸಲು ಅಂತರರಾಷ್ಟ್ರೀಯ ಸಂಕೇತಗಳೇ ಇವೆ. ಮೊದಲ ತಲಕ್ಕೆ ಎ, ಎರಡನೆಯದಕ್ಕೆ ಬಿ, ಮೂರನೆಯದಕ್ಕೆ ಸಿ ಎಂಬಂತೆ ಅಕ್ಷರಗಳನ್ನಿಡುತ್ತಾರೆ. ಅಚ್ಚಿನ ವಸ್ತುವಾದರೆ ನಡುವೆ ಅಡ್ಡಗೆರೆಯಿರುವ ಸಣ್ಣ ವೃತ್ತಗಳಲ್ಲಿ ಎ1, ಎ2, ಎ3, ಬಿ1, ಬಿ2, ಸಿ1 ಎಂದು ಬರೆದು ಆರು ಸ್ಥಾನಗಳನ್ನೂ ಹೆಸರು ಹಿಡಿದು ಗುರುತಿಸುತ್ತಾರೆ.

ಇನ್ನೆರಡು ಎಚ್ಚರಿಕೆಗಳಿವೆ. ತೆಳುವಾದ ಮುಚ್ಚಳವನ್ನು ಬೆರಳಿನಿಂದ ಅದುಮಿ ಹಿಡಿದರೆ ಅದರ ಸೊಟ್ಟು ಮಾಯವಾಗುತ್ತದೆ. ಕೈ ಬಿಟ್ಟರೆ ಮರಳಿ ಬರುತ್ತದೆ. ಬಿಡಿಯಾಗಿರುವಾಗ ಅಳೆಯಬೇಕೋ, ತಿರುಪುಗಳಿಂದ ಬಿಗಿದಾಗ ಇರುವ ಸ್ಥಿತಿಯಲ್ಲಿ ಅಳೆಯಬೇಕೋ ಎಂಬುದನ್ನೂ ನಕ್ಷೆಯಲ್ಲಿಯೇ ಹೇಳಿರಬೇಕು. ಎರಡನೆಯದು ಬಿಸಿಯ ಮಾತು. ಅಳತೆಗೆ 20 ಡಿಗ್ರಿ ಸೆಲ್ಸಿಯಸ್ ಎಂಬ ಉಷ್ಣತೆಯನ್ನು 1931ರಲ್ಲಿಯೇ ಅಂತರರಾಷ್ಟ್ರೀಯವಾಗಿ ಗೊತ್ತುಮಾಡಿದರು. 100 ಮಿಲಿಮೀಟರ್ ಉದ್ದದ ಉಕ್ಕು 10 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 0.01 ಮಿಲಿಮೀಟರ್ ಹಿಗ್ಗುತ್ತದೆ. ಪಾಲಿಪ್ರೊಪಿಲೀನ್ ಅದರ ಹತ್ತು ಪಟ್ಟು ಅಥವಾ ಅದಕ್ಕೂ ಹೆಚ್ಚು. ಅಚ್ಚಿನಿಂದ ಆಗತಾನೇ ಬಿದ್ದ ವಸ್ತುವನ್ನು ಬಿಸಿಬಿಸಿಯಾಗಿ ಅಳೆಯುವುದು ಓಡುವ ಕರುವನ್ನು ತೂಗಿದಂತೆ.

ಇಂದಿನ ದೊಡ್ಡ ತಪಾಸಣಾ ಕೋಣೆಗಳಲ್ಲಿ ಕಲ್ಲುಹಾಸಿನ ಮೇಲೆ ಒಂದು ಯಂತ್ರದ ತೋಳು ಓಡಾಡುತ್ತದೆ. ಅದರ ತುದಿಯಲ್ಲಿ ಕೃತಕ ಮಾಣಿಕ್ಯದ ಪುಟ್ಟ ಗುಂಡು. ಅದು ವಸ್ತುವನ್ನು ಮುಟ್ಟಿದೆಡೆಯಲ್ಲೆಲ್ಲ ಆ ಬಿಂದುವಿನ ಸ್ಥಾನವನ್ನು ಕಂಪ್ಯೂಟರು ದಾಖಲೆ ಮಾಡಿಕೊಂಡು ಕ್ಷಣಮಾತ್ರದಲ್ಲಿ ಸಮತಲವನ್ನು ಕಟ್ಟಿಕೊಡುತ್ತದೆ. ನೂರು ಬಿಂದುಗಳನ್ನು ಮುಟ್ಟಿಸಿ ಅವುಗಳ ಸರಾಸರಿ ತಲವನ್ನು ತೆಗೆಯುವುದು ಅದಕ್ಕೆ ನೀರು ಕುಡಿದಷ್ಟು ಸುಲಭ. ಆದರೆ ಸರಾಸರಿ ತಲ ಉಬ್ಬುಗಳಿಗೂ ತಗ್ಗುಗಳಿಗೂ ನಡುವೆ ಎಲ್ಲೋ ಹಾಯುತ್ತದೆ. ನಿಜವಾದ ಮುಚ್ಚಳ ಪೆಟ್ಟಿಗೆಯ ಮೇಲೆ ಕೂರುವುದು ಉಬ್ಬುಗಳ ಮೇಲೆಯೇ. ಯಾವ ಬಿಂದುಗಳನ್ನು ಮುಟ್ಟಬೇಕು, ಯಾವುದನ್ನು ಮೊದಲ ತಲವೆನ್ನಬೇಕು ಎಂಬುದನ್ನು ಯಂತ್ರಕ್ಕೆ ಹೇಳಬೇಕಾದವನು ಈಗಲೂ ಮನುಷ್ಯನೇ.

ಈ ಪಾಠವನ್ನು ಓದಿದ ಮೇಲೆ ಮನೆಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಿ. ಚೌಕನಾದ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳವೊಂದನ್ನು ದಪ್ಪ ಗಾಜಿನ ಮೇಲೆ ಬೋರಲಾಗಿ ಇಡಿ. ಒಂದೊಂದೇ ಮೂಲೆಯನ್ನು ಬೆರಳ ತುದಿಯಿಂದ ಮೆಲ್ಲಗೆ ಒತ್ತಿದರೆ ಯಾವುದಾದರೊಂದು ಮೂಲೆ ‘ಟಕ್’ ಎಂದು ಸದ್ದು ಮಾಡುವ ಸಂಭವವೇ ಹೆಚ್ಚು. ಆ ಮೂಲೆಯ ಕೆಳಗೆ ಕಾಗದದ ಚೂರುಗಳನ್ನು ಒಂದೊಂದಾಗಿ ತೂರಿಸುತ್ತ ಹೋಗಿ, ಸದ್ದು ನಿಲ್ಲಲು ಎಷ್ಟು ಬೇಕಾದವೆಂದು ಎಣಿಸಿರಿ. ಒಂದು ಹಾಳೆಯ ದಪ್ಪವನ್ನು ತಿಳಿಯಲು ನೂರು ಹಾಳೆಗಳ ದಪ್ಪವನ್ನು ಅಳೆದು ನೂರರಿಂದ ಭಾಗಿಸಿದರಾಯಿತು. ಅನಂತರ ಒಂದೇ ಬಗೆಯ ಮೂರು ನಾಣ್ಯಗಳನ್ನು ಅಂಚಿನ ಕೆಳಗೆ ದೂರ ದೂರ ಇಟ್ಟು ಮುಚ್ಚಳವನ್ನು ಅವುಗಳ ಮೇಲೆ ಕೂರಿಸಿ, ಮೂಲೆಗಳು ಗಾಜಿನಿಂದ ಎಷ್ಟೆಷ್ಟು ಎತ್ತರದಲ್ಲಿವೆಯೆಂದು ಬರೆದುಕೊಳ್ಳಿರಿ. ಒಂದು ನಾಣ್ಯದ ಜಾಗವನ್ನು ಮಾತ್ರ ಬದಲಿಸಿ ಮತ್ತೊಮ್ಮೆ ಅಳೆಯಿರಿ. ಎರಡು ಪಟ್ಟಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ತರಗತಿಗೆ ತನ್ನಿ. ಪ್ರತಿಯೊಂದು ಪಟ್ಟಿಯ ಮೇಲೂ ನಾಣ್ಯಗಳು ಎಲ್ಲಿದ್ದವೆಂಬ ಚಿತ್ರವನ್ನು ಬರೆದಿರಬೇಕು.